ಶುಕ್ರವಾರ ಹೊಡೆಯುವ ಗಂಟೆ

ಮೊದಲ ಸಲ ಗಂಟೆ ಹೊಡೆದಾಗ ನಾನು ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು, ಲುಂಗಿ ಸುತ್ತಿಕೊಂಡು, ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಶುಕ್ರವಾರ, ಹೊತ್ತು ಹನ್ನೊಂದರ ಸುಮಾರು. ದೋಹಾದಲ್ಲಿ ಶುಕ್ರವಾರವೇ ನಮಗೆ ಭಾನುವಾರ. ನಾವಿರುವುದು ಒಂಬತ್ತು ಮಹಡಿಯ ಕಟ್ಟಡದ ಮೂರನೇ ಮಹಡಿಯಲ್ಲಿ. ಬೆಂಕಿಯ ಗಂಟೆ ಹೊಡೆಯಿತೆಂದರೆ ಲಿಫ್ಟು ತಾನಾಗಿಯೇ ಕೆಳಗಿಳಿದು ಬಾಗಿಲು ತೆರೆದುಕೊಂಡು ನಿಂತುಬಿಡುತ್ತದೆ. ಮಂದಿಯೆಲ್ಲ ಮೆಟ್ಟಿಲಿಳಿದು ಅಂಗಳಕ್ಕೆ ಬರಬೇಕು. ಎಲ್ಲರೂ ಇಳಿಯುವಾಗ ಒಬ್ಬ ಮಾತ್ರ ಹತ್ತಬೇಕು. ಆ ಒಬ್ಬ ನಾನು. ಆ ಕಟ್ಟಡವೂ ಸೇರಿದಂತೆ ಆರು ಕಟ್ಟಡಗಳ ಬೆಂಕಿ ಗಂಟೆ ನೋಡಿಕೊಳ್ಳುವುದೇ ನನ್ನ ಕೆಲಸ.

ಕೆಳಗೆ ಕಾವಲುಗಾರನ ಕೋಣೆಯ ಪಕ್ಕದ ಗೋಡೆಗೆ ಪ್ಯಾನೆಲ್ ಇದೆ. ಕಟ್ಟಡದಲ್ಲಿರುವ ಒಂದೊಂದು ಡಿಟೆಕ್ಟರಿಗೂ ಅದರಲ್ಲಿ ಒಂದೊಂದು ನಂಬರು. ಎಲ್ಲಿ ಹೊಗೆ ಸಿಕ್ಕಿತೋ ಆ ನಂಬರು ಪರದೆಯ ಮೇಲೆ ಬರುತ್ತದೆ. ಅವತ್ತು ಬಂದದ್ದು ಏಳನೇ ಮಹಡಿಯ ಕಾರಿಡಾರು. ನಿಯಮ ಏನೆಂದರೆ, ಮೊದಲು ಜಾಗಕ್ಕೆ ಹೋಗಿ ಕಣ್ಣಾರೆ ನೋಡಬೇಕು. ಹೊಗೆ ಇಲ್ಲ, ಬೆಂಕಿ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಗಂಟೆ ನಿಲ್ಲಿಸಿ, ಪ್ಯಾನೆಲ್ ರೀಸೆಟ್ ಮಾಡಿ, ಪುಸ್ತಕದಲ್ಲಿ ಬರೆಯಬೇಕು. ಆದ್ದರಿಂದ ಎಣ್ಣೆ ಸುರಿಯುವ ತಲೆ, ಕೈಯಲ್ಲಿ ಹಿಡಿದ ಲುಂಗಿ, ಎದುರಿಗೆ ಇಳಿದು ಬರುವ ದೇಶದೇಶದ ಮಂದಿ. ನನ್ನ ತಲೆಯೇ ಒಡೆದು ಏನೋ ಸೋರುತ್ತಿದೆ ಎಂದು ತಿಳಿದು ಒಬ್ಬಾಕೆ ಚೀರಿದಳು.

ಏಳನೇ ಮಹಡಿಯಲ್ಲಿ ಏನೂ ಇರಲಿಲ್ಲ. ಕಾರಿಡಾರು ತೊಳೆದಿಟ್ಟ ಹಾಗಿತ್ತು. ಡಿಟೆಕ್ಟರಿನ ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಮೂಲೆಯ ಮನೆಯ ಬಾಗಿಲ ಹತ್ತಿರ ಲೋಬಾನದ ಧೂಪದ ವಾಸನೆ ಇತ್ತು. ಹುಲಗೂರಿನ ದರ್ಗಾಕ್ಕೆ ಹೋಗಿಬಂದವರಿಗೆ ಆ ವಾಸನೆ ಹೇಳಿಕೊಡಬೇಕಾಗಿಲ್ಲ.

ಆ ಮನೆಯಲ್ಲಿ ಇರುವವರು ಸುಡಾನ್ ದೇಶದ ಒಬ್ಬ ಮಾಸ್ತರು ಮತ್ತು ಅವರ ಹೆಂಡತಿ. ಮಾಸ್ತರು ಆರೂಕಾಲು ಅಡಿ ಎತ್ತರ. ಶುಕ್ರವಾರದ ನಮಾಜಿಗೆ ಬಿಳಿಯ ನಿಲುವಂಗಿ, ಬಿಳಿಯ ರುಮಾಲು ಸುತ್ತಿ ಸಿದ್ಧವಾಗಿ ಹೊರಟಿದ್ದರು. ಹೆಂಡತಿಗೆ ಮೊಣಕಾಲು ನೋವು. ನಾನು ವಾಪಸು ಇಳಿಯುವಾಗ ಆಕೆ ಇನ್ನೂ ಒಂದೊಂದೇ ಮೆಟ್ಟಿಲಿಗೆ ಕುಳಿತು, ಕೈ ಊರಿ, ಮುಂದಿನ ಮೆಟ್ಟಿಲಿಗೆ ಇಳಿಯುತ್ತಿದ್ದಳು. ಮಾಸ್ತರು ಅವಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂದೆ ಬರುತ್ತಿದ್ದರು.

"ಬೆಂಕಿ ಎಲ್ಲಿ?" ಎಂದರು ಹಿಂದಿಯಲ್ಲಿ. ಮುಂಬೈಯಲ್ಲಿ ಓದಿದವರು, ಹಿಂದಿ ಬರುತ್ತಿತ್ತು.

"ಇಲ್ಲ ಸರ್. ಸುಳ್ಳು ಗಂಟೆ."

"ಸುಳ್ಳು ಗಂಟೆಗೂ ಇಷ್ಟೇ ಮೆಟ್ಟಿಲಾ?" ಎಂದು ಕೇಳಿ ಮುಂದೆ ಹೋದರು.

ಮನೆಗೆ ಬಂದರೆ ನಮ್ಮಾಕೆ ಹಂಚು ಇಳಿಸಿ ಕುಂತಿದ್ದಳು. ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟಕ್ಕೆ ಮಂದಿ ಇರುತ್ತಾರೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನವರು ಎಂಟೊಂಬತ್ತು ಜನ. ಹೆಚ್ಚಿನವರು ಕಂಪನಿಯ ಕೂಲಿಕಾರರ ಕ್ಯಾಂಪಿನಲ್ಲಿ ಇರುವವರು, ವಾರವಿಡೀ ಮೆಸ್ಸಿನ ಅನ್ನ ತಿಂದು ಬೇಸತ್ತವರು. ನಾನು ತಿಳವಳ್ಳಿಯವನು, ಅವಳು ಮಾಸೂರಿನವಳು. ಇದ್ದವರಲ್ಲಿ ಹೆಂಡತಿಯನ್ನು ಕರೆತಂದವನು ನಾನೊಬ್ಬನೇ. ಹಾಗಾಗಿ ರೊಟ್ಟಿ ನಮ್ಮ ಮನೆಯದ್ದೇ. ವಾರದ ಆರು ದಿನ ಅವಳು ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರರ ಚಿಮಟ, ಕೊಕ್ಕೆ ತೊಳೆದು, ಚೀಲದಲ್ಲಿ ಹಾಕಿ, ಹಬೆಯ ಯಂತ್ರದಲ್ಲಿ ಇಟ್ಟು ಶುದ್ಧ ಮಾಡುವ ಕೆಲಸ ಮಾಡುತ್ತಾಳೆ. ಏಳನೇ ದಿನ ಅರವತ್ತು ರೊಟ್ಟಿ ಬಡಿಯುತ್ತಾಳೆ. "ಇದ ನನಗ ರಜಾ" ಅನ್ನುತ್ತಾಳೆ. ಅವಳು ಹೇಳುವುದು ಖರೇನೋ ಚೇಷ್ಟೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಊಟ ಮುಗಿದ ಮೇಲೆ ಎಲ್ಲರೂ ಜಮಖಾನದ ಮೇಲೆ ಅಡ್ಡಾಗುವುದು, ಬಿಸಿಲಿಳಿದ ಮೇಲೆ ಸಮುದ್ರದ ದಂಡೆಗೆ ಹೋಗಿ ಸವಣೂರಿನ ಖಾರಾ ತಿನ್ನುತ್ತ ಹಡಗು ನೋಡುವುದು ನಮ್ಮ ರೂಢಿ. ಅಲ್ಲಿ ಪ್ರತಿವಾರ ಒಂದೇ ವಾದ: ಸಮುದ್ರ ಎಂಥಾದ್ದು, ನಮ್ಮ ಮದಗದ ಕೆರೆ ಎಂಥಾದ್ದು. "ನಮ್ಮ ಕೆರಿ ನೀರು ಬಾಯಾಗರ ಹಾಕ್ಕೋಬಹುದು, ಇದನ್ನೇನು ಮಾಡ್ತೀರಿ?" ಎಂದು ನಮ್ಮಾಕೆ ಕೇಳಿದರೆ ಸಮುದ್ರದ ಕಡೆಯವರು ಸೋಲುತ್ತಿದ್ದರು. ಅವತ್ತು ವಾದ ನಡೆಯಲಿಲ್ಲ. ಎಲ್ಲರ ಮಾತೂ ನನ್ನ ಲುಂಗಿಯ ಮೇಲೆಯೇ ಇತ್ತು.

ಹೊಗೆಯ ಡಿಟೆಕ್ಟರು ಕಷ್ಟದ ಯಂತ್ರವೇನಲ್ಲ. ತಟ್ಟೆಯಷ್ಟು ದೊಡ್ಡದು, ಒಳಗೆ ಕತ್ತಲೆಯ ಒಂದು ಗೂಡು. ಗೂಡಿನಲ್ಲಿ ಸಣ್ಣ ಬೆಳಕು ಒಂದು ಕಡೆಗೆ ಹೋಗುತ್ತಿರುತ್ತದೆ, ಅದನ್ನು ನೋಡುವ ಕಣ್ಣು ಇನ್ನೊಂದು ಕಡೆ ಇರುತ್ತದೆ. ಹೊಗೆ ಒಳಗೆ ಬಂದರೆ ಬೆಳಕು ಚದುರಿ ಕಣ್ಣಿಗೆ ಬೀಳುತ್ತದೆ, ಗಂಟೆ. ಧೂಳು ಬಂದರೂ ಅಷ್ಟೇ, ಸಣ್ಣ ಹುಳ ಹೊಕ್ಕರೂ ಅಷ್ಟೇ. ಮರಳುಗಾಡಿನ ಊರು, ಧೂಳಿಗೇನು ಕಡಿಮೆ? ಶನಿವಾರ ಏಣಿ ಹಾಕಿ ಅದನ್ನು ಬಿಚ್ಚಿ, ಮೆತ್ತನೆಯ ಕುಂಚದಿಂದ ಒರೆಸಿ, ಗಾಳಿ ಎಳೆಯುವ ಯಂತ್ರದಿಂದ ಧೂಳು ತೆಗೆದು, ಮತ್ತೆ ಕೂಡಿಸಿದೆ. ಕೋಲಿನ ತುದಿಗೆ ಸಿಕ್ಕಿಸುವ ಹೊಗೆಯ ಸ್ಪ್ರೇ ಹಾಕಿ ಪರೀಕ್ಷೆ ಮಾಡಿದೆ. ಸರಿಯಾಗಿತ್ತು. ಪುಸ್ತಕದಲ್ಲಿ 'ಧೂಳು' ಎಂದು ಬರೆದೆ.

ಮುಂದಿನ ಶುಕ್ರವಾರ ಹನ್ನೊಂದಕ್ಕೆ ಮತ್ತೆ ಹೊಡೆಯಿತು.

ಈ ಸಲ ಪ್ಯಾಂಟು ಹಾಕಿಕೊಂಡಿದ್ದೆ. ಉಳಿದದ್ದೆಲ್ಲ ಹಾಗೆಯೇ. ಅದೇ ಮಹಡಿ, ಅದೇ ನಂಬರು, ಅದೇ ಖಾಲಿ ಕಾರಿಡಾರು, ಮೆಟ್ಟಿಲ ಮೇಲೆ ಕುಳಿತುಕೊಂಡೇ ಇಳಿಯುವ ಅದೇ ಹೆಂಗಸು. ಆ ವಾರ ನಾನು ಅದಲು ಬದಲು ಮಾಡುವ ಪರೀಕ್ಷೆ ಮಾಡಿದೆ. ಏಳನೇ ಮಹಡಿಯ ಡಿಟೆಕ್ಟರನ್ನು ಐದನೇ ಮಹಡಿಗೆ ಹಾಕಿದೆ, ಐದನೆಯದನ್ನು ಏಳಕ್ಕೆ. ರೋಗ ಡಿಟೆಕ್ಟರಿನದಾದರೆ ಅದು ಐದನೇ ಮಹಡಿಗೆ ಹೋಗಬೇಕು, ಜಾಗದ್ದಾದರೆ ಏಳರಲ್ಲೇ ಉಳಿಯಬೇಕು. ಜೊತೆಗೆ ತಂತಿಯಲ್ಲಿ ಎಲ್ಲಾದರೂ ತೇವ ಹೊಕ್ಕಿದೆಯೇ ಎಂದು ಮೀಟರ್ ಹಿಡಿದು ಎರಡು ಸಂಜೆ ಕಳೆದೆ. ಏಸಿಯ ನೀರು ಸೋರಿದೆಯೇ ಎಂದು ಗೋಡೆ ಮುಟ್ಟಿ ಮುಟ್ಟಿ ನೋಡಿದೆ. ಏನೂ ಸಿಗಲಿಲ್ಲ.

ಮೂರನೇ ಶುಕ್ರವಾರ ಹೊಡೆಯಿತು, ಏಳನೇ ಮಹಡಿಯಲ್ಲಿಯೇ.

ಅಂದರೆ ಡಿಟೆಕ್ಟರು ನಿರಪರಾಧಿ. ಉಳಿದದ್ದು ಜಾಗ, ಜಾಗದಲ್ಲಿರುವ ಮಂದಿ. ಆ ಮಹಡಿಯ ಉಳಿದ ಮೂರು ಮನೆಗಳಲ್ಲಿ ಎರಡರವರು ಊರಿಗೆ ಹೋಗಿದ್ದರು, ಇನ್ನೊಂದು ಮನೆ ಖಾಲಿ. ಶುಕ್ರವಾರ ನಮಾಜಿಗೆ ಮುಂಚೆ ಮನೆಯಲ್ಲಿ ಲೋಬಾನ ಹಾಕುವವರು ಮಾಸ್ತರು. ನನಗೆ ಇನ್ನೇನು ಬೇಕು? ಹೋಗಿ ಬಾಗಿಲು ಬಡಿದೆ. ಅವರು ಬಾಗಿಲು ಪೂರ್ತಿ ತೆರೆದು ಒಳಗೆ ಬಿಟ್ಟರು. ನಾನು ಮೂಗು ಎಳೆದೆ, ಮಾಳಿಗೆ ನೋಡಿದೆ, ಲೋಬಾನದ ಮಣ್ಣಿನ ಬಟ್ಟಲು ಮುಟ್ಟಿ ಬಿಸಿ ಇದೆಯಾ ಎಂದು ನೋಡಿದೆ.

"ಸರ್, ಇದನ್ನ ಹಾಕೋದು ಬಿಡಬೇಕು."

"ನಾಲ್ಕು ವರ್ಷದಿಂದ ಹಾಕ್ತಾ ಇದ್ದೇನೆ. ಇವತ್ತಿನವರೆಗೆ ಗಂಟೆ ಹೊಡೆದಿಲ್ಲ."

"ಈಗ ಹೊಡೀತಿದೆ."

ಮಾಸ್ತರು ನನ್ನನ್ನೇ ನೋಡಿದರು. ಶಾಲೆಯಲ್ಲಿ ತಪ್ಪು ಉತ್ತರ ಹೇಳಿದವನನ್ನು ನೋಡುವ ಹಾಗೆ, ಸಿಟ್ಟಿಲ್ಲದೆ. "ಆಗಲಿ, ಬಿಡ್ತೇನೆ" ಎಂದರು.

ನಾನು ಕೆಳಗೆ ಬಂದು ವರದಿ ಬರೆದೆ. ಮೂರು ಸಲ ಸುಳ್ಳು ಗಂಟೆಯಾದರೆ ಕಾರಣ ಬರೆದು ಸಹಿ ಮಾಡಿ ಕೊಡಲೇಬೇಕು. 'ಏಳನೇ ಮಹಡಿಯ ನಿವಾಸಿ ಧೂಪ ಹಾಕುವುದೇ ಕಾರಣವಿರಬಹುದು' ಎಂದು ಇಂಗ್ಲಿಷಿನಲ್ಲಿ ಬರೆದೆ. 'ಇರಬಹುದು' ಎಂದೇ ಬರೆದಿದ್ದೆ. ಆ ಮಾತು ಮೇಲಿನವರ ತನಕ ಹೋಗುವಷ್ಟರಲ್ಲಿ ಎಲ್ಲೋ ಉದುರಿಹೋಯಿತು. ಗುರುವಾರ ನಮ್ಮ ಸೂಪರ್‌ವೈಸರ್ ಸಾಹೇಬರು ಕರೆದು, "ಒಳ್ಳೆ ಕೆಲಸ ಮಾಡಿದೆ. ನಾಳೆ ಇನ್ನೊಂದು ಸಲ ಹೊಡೆದರೆ ರವಿವಾರ ಅವರಿಗೆ ಮನೆ ಖಾಲಿ ಮಾಡುವ ನೋಟಿಸು ಹೋಗ್ತದೆ. ಕಾಗದ ತಯಾರಿದೆ, ಸಹಿ ಒಂದೇ ಬಾಕಿ" ಎಂದರು.

ನನಗೆ ಒಳಗೊಳಗೇ ಕಸಿವಿಸಿ. ಆದರೆ ಒಂದು ಸಮಾಧಾನವೂ ಇತ್ತು. ಲೋಬಾನ ಬಿಟ್ಟಿದ್ದಾರೆ, ಇನ್ನೇಕೆ ಹೊಡೆಯುತ್ತದೆ?

ನಾಲ್ಕನೇ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೇ ಏಳನೇ ಮಹಡಿಗೆ ಹೋಗಿ, ಏಣಿ ಹಾಕಿ, ಡಿಟೆಕ್ಟರಿನ ಕೆಳಗೆ ಕುಂತೆ. ಬೇಟೆಗಾರನು ಮರ ಹತ್ತಿ ಕುಳಿತ ಹಾಗೆ. ಮಾಸ್ತರ ಬಾಗಿಲ ಮೇಲೆ ಒಂದು ಕಣ್ಣು, ಡಿಟೆಕ್ಟರಿನ ಮೇಲೆ ಒಂದು ಕಣ್ಣು. ಹತ್ತೂವರೆಗೆ ಮಾಸ್ತರು ಕಸ ಹಾಕಲು ಹೊರಬಂದರು, ಏಣಿಯ ಮೇಲೆ ನನ್ನನ್ನು ನೋಡಿ ಸಲಾಂ ಹೇಳಿದರು. ಹತ್ತೂಮುಕ್ಕಾಲಿಗೆ ಅವರ ಹೆಂಡತಿ ಬಾಗಿಲು ಅರ್ಧ ತೆಗೆದು ಒಂದು ಲೋಟ ಚಹಾ ಕೊಟ್ಟು ಹೋದಳು. ಹಿಡಿಯಬೇಕೆಂದು ಕುಳಿತವನಿಗೆ ಚಹಾ ಕೊಟ್ಟರೆ ಏನು ಮಾಡುವುದು? ಕುಡಿದೆ. ಲೋಬಾನದ ವಾಸನೆ ಇರಲೇ ಇಲ್ಲ. ಹನ್ನೊಂದರ ಹೊತ್ತಿಗೆ ಮೂಗಿಗೆ ಸಣ್ಣಗೆ ರೊಟ್ಟಿ ಹೊತ್ತಿದ ವಾಸನೆ ಬಂತು. ಹಸಿವಾದರೆ ಮೂಗೂ ಸುಳ್ಳು ಹೇಳುತ್ತದೆ ಅಂದುಕೊಂಡೆ. ಅಷ್ಟರಲ್ಲಿ ನನ್ನ ತಲೆಯಿಂದ ಒಂದು ಗೇಣು ಮೇಲೆ ಕೆಂಪು ದೀಪ ಹತ್ತಿ, ಕಿವಿ ಹರಿಯುವ ಹಾಗೆ ಗಂಟೆ ಹೊಡೆಯಿತು. ಏಣಿಯಿಂದ ಬೀಳದೆ ಉಳಿದದ್ದು ಪುಣ್ಯ.

ಮಾಸ್ತರ ಹೆಂಡತಿ ನಾಲ್ಕನೇ ಸಲ ಮೆಟ್ಟಿಲಿಗೆ ಕುಳಿತಳು.

ನಾನು ಎಲ್ಲ ಮುಗಿಸಿ ಮನೆಗೆ ಬಂದಾಗ ನಮ್ಮಾಕೆ ಅಡುಗೆಮನೆಯ ಕಟ್ಟೆಯ ಮೇಲೆ ಮೊಬೈಲು ಆನಿಸಿಟ್ಟುಕೊಂಡು ತನ್ನ ಅವ್ವನ ಜೊತೆ ಮಾತಾಡುತ್ತಿದ್ದಳು. ಶುಕ್ರವಾರ ರೊಟ್ಟಿ ಬಡಿಯುವಾಗ ಅವ್ವನಿಗೆ ವಿಡಿಯೋ ಕಾಲ್ ಮಾಡುವುದು ಅವಳ ಪದ್ಧತಿ. ಮಾಸೂರಿನಲ್ಲಿ ಅದು ಮಧ್ಯಾಹ್ನ ಒಂದೂವರೆ. ಹೊಲದ ಆಳುಗಳಿಗೆ ಊಟ ಕಳಿಸಿ, ನಮ್ಮ ಅತ್ತಿ ಗೋಡೆಗೆ ಒರಗಿ ಕುಳಿತು, ಎಲಿ ಅಡಿಕಿ ಹಾಕಿಕೊಳ್ಳುತ್ತ ಮಗಳ ರೊಟ್ಟಿ ಎಣಿಸುತ್ತಿದ್ದರು. ಎಣಿಸುವುದು ಅವರ ಚಟ. ಸಸಿ ನೆಡುವ ಹೆಣ್ಣಾಳು ಎಷ್ಟು, ಎಮ್ಮೆ ಕುಡಿದ ಕೊಡ ಎಷ್ಟು, ಎಲ್ಲ ಎಣಿಸುತ್ತಾರೆ. ಅಳಿಯನ ಜೊತೆ ಮಾತ್ರ ನೇರ ಮಾತಾಡುವುದಿಲ್ಲ, ಮಗಳ ಕೈಲಿ ಹೇಳಿಸುತ್ತಾರೆ.

"ರೀ, ಇಲ್ಲಿ ಬರ್ರಿ. ಅವ್ವ ಏನೋ ಹೇಳಾಕತ್ತಾಳ, ಕೇಳ್ರಿ" ಎಂದಳು ನಮ್ಮಾಕೆ. ಮುಖ ಸಣ್ಣದಾಗಿತ್ತು.

ಅತ್ತಿ ಸೆರಗು ಸರಿಮಾಡಿಕೊಂಡು ಮಗಳಿಗೇ ಹೇಳಿದರು: "ಅವರಿಗಿ ಹೇಳವಾ. ನಿನ್ನ ರೊಟ್ಟಿ ಇಪ್ಪತ್ತು ದಾಟಿದ್ವಂದ್ರ ಆ ಗಂಟಿ ಹೊಡೀತೈತಿ. ಹ್ವಾದ ವಾರ ಇಪ್ಪತ್ತೆರಡಕ್ಕ ಹೊಡೀತು, ಈ ವಾರ ಇಪ್ಪತ್ಮೂರಕ್ಕ. ನಾ ಎಣಿಸೇನಿ."

"ಅತ್ತಿ, ಅದು ಹೊಡ್ಯಾಕತ್ತಿದ್ದು ಏಳನೇ ಮಹಡ್ಯಾಗರಿ. ನಾವು ಮೂರನೇದರಾಗ ಇರೋರು" ಎಂದೆ, ಸ್ವಲ್ಪ ದೊಡ್ಡಸ್ತಿಕೆಯಿಂದಲೇ.

ಅತ್ತಿ ಮತ್ತೆ ಮಗಳನ್ನೇ ನೋಡಿದರು. "ಹೊಗಿ ಏನ ಹುಟ್ಟಿದಲ್ಲೇ ಕುಂದರತೈತೇನವಾ? ಇಲ್ಲಿ ನಾವು ಒಲಿ ಹಚ್ಚಿದ್ರ ಹಿತ್ತಲದಾಗ ಎಮ್ಮಿ ಕೆಮ್ಮತೈತಿ. ಹೊಗಿ ಹಿಡಿಯೋದ ಅವರ ನೌಕರಿ ಅಂತಿದ್ದಿ. ಅದು ಯಾ ಹಾದಿ ಹಿಡಿದು ಹೋಗತೈತಿ ಅಂತ ಅವರಿಗಿ ಕಲಿಸಿಲ್ಲೇನ?"

ನಾನು ತಲೆ ಎತ್ತಿ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನನ್ನು ನೋಡಿದೆ. 

ಈ ಫ್ಯಾನಿನ ವಿಷಯ ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ಆ ನಾಲ್ಕು ವಾರ ನನಗೂ ಅದರ ನೆನಪಾಗಿರಲಿಲ್ಲ. ಮೊದಲ ಗಂಟೆಗೆ ಎರಡು ದಿನ ಮುಂಚೆ ನಾನೇ ಅದನ್ನು ಕೂಡಿಸಿದ್ದೆ. ಕಟ್ಟಡದವರು ಕೊಟ್ಟ ಫ್ಯಾನು ಸಣ್ಣದು, ರೊಟ್ಟಿ ಮಾಡುವಾಗ ಅವಳ ಕಣ್ಣು ಉರಿಯುತ್ತಿತ್ತು. ಒಂದು ಹೋಟೆಲಿನ ಅಡುಗೆಮನೆ ಒಡೆದಾಗ ಗುಜರಿಗೆ ಹಾಕಿದ್ದ ದೊಡ್ಡ ಫ್ಯಾನೊಂದನ್ನು ತಂದು, ಮೋಟಾರು ತಿದ್ದಿ, ಚೌಕಟ್ಟು ಕೊರೆದು ಕೂಡಿಸಿದೆ. ಯಾರ ಅನುಮತಿಯನ್ನೂ ಕೇಳಲಿಲ್ಲ. ಒಂದು ಕಾಗದ ಹಿಡಿದರೆ ಕೈಯಿಂದ ಕಸಿದು ಮೇಲೆ ಎಳೆದುಕೊಳ್ಳುತ್ತಿತ್ತು. "ನನ್ನ ಸೆರಗೂ ಎಳೀತೈತ್ರಿ ಇದು" ಎಂದು ಅವಳು ನಕ್ಕಿದ್ದಳು. ನಾನು ಹೆಮ್ಮೆಪಟ್ಟಿದ್ದೆ. ಆ ಫ್ಯಾನು ಎಳೆದ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು, ಹೊಗೆಯ ಕೆಲಸದವನಾಗಿ, ಒಂದು ಸಲವೂ ಕೇಳಿಕೊಂಡಿರಲಿಲ್ಲ. ಎಲ್ಲ ಮನೆಯ ಅಡುಗೆ ಹೊಗೆಯೂ ಒಂದೇ ದೊಡ್ಡ ಕೊಳವೆ ಸೇರಿ ಕಟ್ಟಡದ ತುದಿಯ ತಾರಸಿಗೆ ಹೋಗುತ್ತದೆ. ಕೊಳವೆ ಏಳನೇ ಮಹಡಿಯಲ್ಲಿ ಎಲ್ಲಾದರೂ ಬಿಟ್ಟುಕೊಂಡಿದ್ದರೆ?

ಒಂದು ಗಂಟೆಗೆ ಮಂದಿ ಬಂದರು. ಎಲ್ಲರಿಗಿಂತ ಮೊದಲು ಸವಣೂರಿನ ದೋಸ್ತ. ಟ್ರೇಲರ್ ಓಡಿಸುವವನು, ನನ್ನ ಹಳೆಯ ಸ್ನೇಹಿತ. ಅವನಿಗೆ ಮಾತ್ರ ಪಕ್ಕಕ್ಕೆ ಕರೆದು ಹೇಳಿದೆ.

"ಇಷ್ಟಕ್ಕ ಯಾಕ ಮುಖಾ ಇಳಿಬಿಟ್ಟಿ?" ಎಂದ. "ಈಗಿಂದೀಗ ಫ್ಯಾನ್ ಬಿಚ್ಚು. ನನ್ನ ಗಾಡ್ಯಾಗ ಹಾಕು, ನಾ ಒಯ್ದು ಎಲ್ಯರ ಒಗಿತೇನಿ. ಹಳೇದನ್ನ ಕೂಡಿಸಿಬಿಡು. ಮುಂದಿನ ವಾರದಿಂದ ಗಂಟಿ ಹೊಡ್ಯಂಗಿಲ್ಲ. ಮುಗೀತು ಕತಿ."

"ಮಾಸ್ತರು?"

"ಅವರಿಗೆ ಬ್ಯಾರೆ ಮನಿ ಸಿಗತೈತಿ ಬಿಡೋ. ನಿನಗ ಬ್ಯಾರೆ ನೌಕರಿ ಸಿಗತೈತೇನು?"

ಮಾತು ಖರೆ ಇತ್ತು. ಬೆಂಕಿ ಗಂಟೆಯ ಮನುಷ್ಯನೇ ಅನುಮತಿಯಿಲ್ಲದೆ ಫ್ಯಾನು ಹಾಕಿ, ತನ್ನ ಮನೆಯ ಹೊಗೆಗೆ ಇನ್ನೊಬ್ಬನ ಮೇಲೆ ವರದಿ ಬರೆದನೆಂದರೆ ಯಾವ ಕಂಪನಿ ಇಟ್ಟುಕೊಳ್ಳುತ್ತದೆ? ನೌಕರಿ ಹೋದರೆ ವೀಸಾ, ವೀಸಾ ಹೋದರೆ ಇಬ್ಬರೂ ಗಂಟು ಕಟ್ಟಬೇಕು. ಊಟ ಮುಗಿಸಿ, ಮಂದಿ ಸಮುದ್ರಕ್ಕೆ ಹೊರಟ ಮೇಲೆ, ಸ್ಕ್ರೂಡ್ರೈವರ್ ಹಿಡಿದು ಕಟ್ಟೆ ಹತ್ತಿದೆ. ಎರಡು ತಿರುಪು ಬಿಚ್ಚಿದೆ.

ನಮ್ಮಾಕೆ ಬಾಗಿಲಲ್ಲಿ ನಿಂತಿದ್ದಳು.

"ಬಿಚ್ಚಿದ್ರ ಸಾಹೇಬ್ರಿಗೆ ಏನ ತೋರಿಸ್ತೀರಿ?"

"ಯಾರಿಗೂ ಏನೂ ತೋರಿಸೂದು ಇಲ್ಲ. ನೀ ಸುಮ್ಮನಿರು."

"ನಮ್ಮ ದವಾಖಾನ್ಯಾಗ ಒಂದು ಚೀಲದ ಮ್ಯಾಲಿನ ಪಟ್ಟಿ ಹಬಿ ತಾಗಿ ಕಪ್ಪಾಗಲಿಲ್ಲಂದ್ರ ನಾ ಅದನ್ನ ಡಾಕ್ಟರ ಕೈಯಾಗ ಕೊಡಂಗಿಲ್ಲ. ಒಳಗಿನ ಸಾಮಾನು ಎಷ್ಟರ ಹೊಳೀಲಿ, ಪಟ್ಟಿ ಕಪ್ಪಾಗಬೇಕು. ನೀವು ಪಟ್ಟಿ ನೋಡದ ಆ ಮಾಸ್ತರ ಹೆಸರು ಬರದು ಕೊಟ್ರಿ." ಹಂಚಿನ ಕಡೆ ನೋಡಿ ಅಂದಳು: "ಆ ಅಕ್ಕ ನಾಕು ಸಲ ಕುಂತು ಕುಂತು ಇಳದಾಳ್ರಿ. ನನ್ನ ರೊಟ್ಟಿಗೆ."

ನಾನು ಕಟ್ಟೆಯ ಮೇಲೆ ಕಪಿಯ ಹಾಗೆ ಕುಂತಿದ್ದೆ, ಬಾಯಲ್ಲಿ ಎರಡು ತಿರುಪು. ಉತ್ತರ ಕೊಡಲು ಬಾಯಿ ಖಾಲಿ ಇರಲಿಲ್ಲ, ಅದು ಒಳ್ಳೆಯದೇ ಆಯಿತು. ಆ ಎರಡೂ ತಿರುಪನ್ನು ವಾಪಸು ಬಿಗಿದು ಕೆಳಗಿಳಿದೆ.

ರವಿವಾರ ಬೆಳಿಗ್ಗೆ ಏಳಕ್ಕೆ ಸಾಹೇಬರ ಮೇಜಿನ ಮುಂದೆ ನಿಂತು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕರು.

"ಮೂರನೇ ಮಹಡಿಯ ರೊಟ್ಟಿಗೆ ಏಳನೇ ಮಹಡಿಯಲ್ಲಿ ಗಂಟೆ? ನಡುವಿನ ಮೂರು ಮಹಡಿ ನಿದ್ದೆ ಮಾಡ್ತಿದ್ದವಾ? ನಿನಗೆ ಆ ಮಾಸ್ತರ ಮೇಲೆ ಕನಿಕರ ಬಂದಿದೆ. ಹೋಗು, ಕೆಲಸ ನೋಡು."

ತಪ್ಪು ಒಪ್ಪಿಕೊಳ್ಳಲು ಇಷ್ಟು ಗಟ್ಟಿ ಮನಸ್ಸು ಮಾಡಿ ಬಂದರೆ ತಪ್ಪನ್ನೇ ನಂಬುವುದಿಲ್ಲ ಎಂದರೆ! ನಾನು ಅಲ್ಲಿಂದ ಕದಲಲಿಲ್ಲ. ನೋಟಿಸಿಗೆ ಸಹಿ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡೋಣ, ತಾವೇ ಬಂದು ನೋಡಿ ಎಂದು ಹಟ ಹಿಡಿದೆ. ಕೊನೆಗೆ, ಆ ದಿನವೇ ಮಧ್ಯಾಹ್ನ ಎರಡಕ್ಕೆ ಎಂದು ಒಪ್ಪಿದರು. ಪರೀಕ್ಷೆ ಇದೆ, ಗಂಟೆ ಹೊಡೆದರೆ ಇಳಿಯಬೇಡಿ ಎಂದು ಮನೆಮನೆಗೆ ಚೀಟಿ ಹಂಚಿದೆ. ಬೆಂಕಿ ಇಲಾಖೆಗೆ ತಿಳಿಸಿದೆ. ಪ್ಯಾನೆಲಿನಲ್ಲಿ ಲಿಫ್ಟಿನ ಸಂಪರ್ಕ ತಪ್ಪಿಸಿದೆ.

ಮೊದಲು ನನ್ನ ವಿಧಾನ. ಅಡುಗೆಮನೆಯಲ್ಲಿ ಫ್ಯಾನು ಹಾಕಿ ಅದರ ಬಾಯಿಗೆ ಹೊಗೆಯ ಸ್ಪ್ರೇ ಹೊಡೆದೆ. ಅರ್ಧ ಡಬ್ಬಿ ಖಾಲಿಯಾಯಿತು. ಏಳನೇ ಮಹಡಿ ಮೌನ. ಆ ಸ್ಪ್ರೇ ಡಿಟೆಕ್ಟರಿನ ಮೂಗಿನ ಕೆಳಗೆ ಹಿಡಿಯಲು ಮಾಡಿದ್ದು, ನಾಲ್ಕು ಮಹಡಿ ಹತ್ತುವ ಶಕ್ತಿ ಅದಕ್ಕಿಲ್ಲ. ಸಾಹೇಬರು ಗಡಿಯಾರ ನೋಡಿದರು.

ನಮ್ಮಾಕೆ ಊಟದ ಬಿಡುವಿನಲ್ಲಿ ಆಸ್ಪತ್ರೆಯಿಂದ ಬಂದಿದ್ದಳು, ಮೈಮೇಲೆ ಇನ್ನೂ ತಿಳಿನೀಲಿ ಅಂಗಿ. "ಸರಿರಿ ಅತ್ತಾಗ" ಎಂದು ನನ್ನನ್ನು ಸರಿಸಿ ಹಂಚು ಇಟ್ಟಳು. ಕುದಿವ ನೀರು ಹಾಕಿ ಹಿಟ್ಟು ನಾದಿದಳು, ಪಟಪಟ ಬಡಿದಳು. ನಾನು ಏಳನೇ ಮಹಡಿಗೆ ಹೋಗಿ ಏಣಿ ಹತ್ತಿದೆ. ಸಾಹೇಬರು ಕೆಳಗೆ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕುಂತರು. ಇಬ್ಬರ ಕೈಯಲ್ಲೂ ವಾಕಿಟಾಕಿ. ಹತ್ತು ರೊಟ್ಟಿಯಾಯಿತು. ಹದಿನೈದಾಯಿತು. ವಾಕಿಟಾಕಿಯಲ್ಲಿ ಸಾಹೇಬರು ಏನೋ ಅಗಿಯುವ ಸಪ್ಪಳ.

"ಸರ್, ಏನಾಗ್ತಿದೆ?"

"ರೊಟ್ಟಿ ಚೆನ್ನಾಗಿದೆ. ಹೊಗೆ ಇಲ್ಲ."

ಅವಳಿಗೆ ಸಾಹೇಬರ ಮುಂದೆ ರೊಟ್ಟಿ ಹೊತ್ತಿಸಲು ನಾಚಿಕೆ! ಶುಕ್ರವಾರ ಅವಸರದಲ್ಲಿ ಹಂಚಿನ ಮೇಲೆ ಉದುರಿದ ಹಿಟ್ಟು ಕರಕಲಾಗಿ ಹೊಗೆ ಏಳುತ್ತಿತ್ತು. ಇವತ್ತು ಒಂದೊಂದು ರೊಟ್ಟಿಯನ್ನೂ ಪ್ರದರ್ಶನಕ್ಕಿಡುವ ಹಾಗೆ ಮಾಡುತ್ತಿದ್ದಾಳೆ. ನಾನು ವಾಕಿಟಾಕಿಯಲ್ಲಿಯೇ ಕನ್ನಡದಲ್ಲಿ ಕೂಗಿದೆ: "ಏ, ಇದು ವಧುಪರೀಕ್ಷೆ ಅಲ್ಲ! ಹೊತ್ತಿಸು!"

ಡಬ್ಬಿಯ ಮುಚ್ಚಳ ತೆಗೆದ ಸದ್ದು. ಆಮೇಲೆ ಅವಳ ದನಿ, ತಣ್ಣಗೆ: "ಹಂಗಾರ ಮೆಣಸಿನಕಾಯಿ ಹುರಿತೇನ್ರಿ. ಶುಕ್ರವಾರ ರಂಜಕದ ಚಟ್ನಿಗೆ ನಾಕೈದು ಹುರಿತಿದ್ನಲ್ಲ, ಅದು ಈಗ ನೆನಪಾತು."

"ಸಾಹೇಬ್ರಿಗೆ ಹೊರಗ ಹೋಗು ಅಂತ ಹೇಳು!" ಎಂದು ನಾನು ಕೂಗುವುದರೊಳಗೆ ತಡವಾಗಿತ್ತು.

ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಅನ್ನುತ್ತಾರೆ. ಹಾಗನ್ನುವವರು ಅದನ್ನು ಬಿಸಿ ಹಂಚಿನ ಮೇಲೆ ಹಿಡಿಗಟ್ಟಲೆ ಹುರಿಯುವಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಂತಿಲ್ಲ. ವಾಕಿಟಾಕಿಯಲ್ಲಿ ಮೊದಲು ಒಂದು ಸೀನು, ಆಮೇಲೆ ಮೂರು ಸೀನು, ಆಮೇಲೆ ಕುರ್ಚಿ ಬಿದ್ದ ಸದ್ದು, ಆಮೇಲೆ ಸಾಹೇಬರು ತಮ್ಮ ತಾಯಿಭಾಷೆಯಲ್ಲಿ ತಾಯಿಯನ್ನು ಕರೆದದ್ದು ಕೇಳಿಸಿತು. ನಾನು ಏಣಿಯ ಮೇಲಿಂದ ಕೊಳವೆ ಮುಚ್ಚಲು ಕೆಳಗೆ ಹೊದಿಸಿದ ಸುಳ್ಳು ಮಾಳಿಗೆಯ ಒಂದು ಹಲಗೆ ಸರಿಸಿ ಬ್ಯಾಟರಿಯ ಬೆಳಕು ಹಾಕಿದೆ. ಕೊಳವೆಯ ಜೋಡಣೆಯ ಪಟ್ಟಿ ಬಿಚ್ಚಿ ನಾಲಗೆಯ ಹಾಗೆ ಜೋತಿತ್ತು. ಆ ಸೀಳಿನಿಂದ ಹೊಗೆ ಎಳೆ ಎಳೆಯಾಗಿ ಬಂದು, ನೇರ ನನ್ನ ಕಣ್ಣಿಗೆ, ಅಲ್ಲಿಂದ ಡಿಟೆಕ್ಟರಿಗೆ. ನಡುವಿನ ಮಹಡಿಗಳಲ್ಲಿ ಜೋಡಣೆ ಗಟ್ಟಿಯಾಗಿತ್ತು. ಹಳೆಯ ಫ್ಯಾನಿನ ಮೆಲುಗಾಳಿ ಈ ಸೀಳಿನಿಂದ ಹೊರಗೆ ಬರುವಷ್ಟು ನೂಕುತ್ತಿರಲಿಲ್ಲ, ನನ್ನ ಹೋಟೆಲಿನ ಫ್ಯಾನು ನೂಕಿತು.

ಗಂಟೆ ಹೊಡೆಯಿತು. ಅದು ಅಷ್ಟು ಇಂಪಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಚೀಟಿ ಹಂಚಿದ್ದರೂ ಅರ್ಧ ಕಟ್ಟಡ ಕೆಳಗಿಳಿಯಿತು. ಗಂಟೆಗಲ್ಲ, ಕೆಮ್ಮಿಗೆ. ಸಾಹೇಬರು ಅಂಗಳದಲ್ಲಿ ನಲ್ಲಿಯ ಕೆಳಗೆ ತಲೆ ಹಿಡಿದು ನಿಂತಿದ್ದರು. ಕಣ್ಣು ಕೆಂಡದ ಉಂಡೆ. ನಾನು ಹತ್ತಿರ ಹೋಗಿ ಮೊಬೈಲಿನಲ್ಲಿ ಸೀಳಿನ ಚಿತ್ರ ತೋರಿಸಿದೆ. ಅವರು ಒಂದು ಕಣ್ಣನ್ನು ಬೆರಳಿನಿಂದ ಬಿಡಿಸಿಕೊಂಡು ನೋಡಿದರು.

"ಒಪ್ಪಿದೆ" ಎಂದರು. "ಆ ಹಂಚು ಮೊದಲು ಇಳಿಸಲಿಕ್ಕೆ ಹೇಳು."

ನೋಟಿಸು ಹರಿದರು. ನನಗೊಂದು ಎಚ್ಚರಿಕೆಯ ಪತ್ರ ಕೊಟ್ಟರು, ಇನ್ನೊಮ್ಮೆ ಅನುಮತಿಯಿಲ್ಲದೆ ಒಂದು ತಿರುಪು ತಿರುವಿದರೂ ಮನೆಗೆ ಕಳಿಸುತ್ತೇನೆ ಎಂದರು. ತಾನಾಗಿ ಬಂದು ಹೇಳಿದ್ದಕ್ಕೆ ಇಷ್ಟಕ್ಕೇ ಬಿಟ್ಟಿದ್ದೇನೆ ಎಂದೂ ಸೇರಿಸಿದರು. ದಂಡನೆಯೆಂದು, ಒಂಬತ್ತೂ ಮಹಡಿಯ ಸುಳ್ಳು ಮಾಳಿಗೆ ಬಿಚ್ಚಿ ಕೊಳವೆಯ ಪ್ರತಿಯೊಂದು ಜೋಡಣೆ ನೋಡುವ ಕೆಲಸ ನನಗೇ ಬಂತು. ಹನ್ನೆರಡು ದಿನ ಹಿಡಿಯಿತು. ಇನ್ನೆರಡು ಕಡೆ ಜೋಡಣೆ ಸಡಿಲಾಗಿತ್ತು. ನಿಜವಾದ ಬೆಂಕಿ ಬಿದ್ದಿದ್ದರೆ ಆ ಹೊಗೆ ಯಾರ ಮನೆಯನ್ನು ಹೊಗುತ್ತಿತ್ತೋ! ಹೋಟೆಲಿನ ಫ್ಯಾನು ಗುಜರಿಗೆ ವಾಪಸಾಯಿತು. ವರದಿ ಹೊಸದಾಗಿ ಬರೆದೆ. ಕಾರಣ ಎಂಬ ಕಡೆ ನನ್ನ ಹೆಸರು, ನನ್ನ ಮನೆಯ ನಂಬರು ಬರೆದೆ. ಈ ಸಲ 'ಇರಬಹುದು' ಎಂದು ಬರೆಯಲಿಲ್ಲ. ಇದನ್ನೆಲ್ಲ ಮಾಸೂರಿಗೆ ತಿಳಿಸಿದಾಗ ಅತ್ತಿ ಮಗಳಿಗೆ ಹೇಳಿದ್ದು ಇಷ್ಟೇ: "ಎಷ್ಟಕ್ಕ ಹೊಡೀತು?"

ಒಂದು ಕೆಲಸ ಬಾಕಿ ಇತ್ತು. ಅದನ್ನು ನಾಲ್ಕು ದಿನ ಮುಂದೂಡಿದೆ. ಐದನೇ ಸಂಜೆ ನಮ್ಮಾಕೆ ಕೇಳದೇ ಸೀರೆ ಉಟ್ಟು ನಿಂತಳು. ಇಬ್ಬರೂ ಏಳನೇ ಮಹಡಿಗೆ ಹೋಗಿ ಬಾಗಿಲು ಬಡಿದೆವು. ಮಾಸ್ತರು ತೆರೆದರು. ನಾನು ಹಿಂದಿಯಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ: ತಪ್ಪು ನನ್ನದು, ಹೊಗೆ ನಮ್ಮ ಮನೆಯದು, ನಿಮ್ಮ ಹೆಸರು ಬರೆದದ್ದು ದೊಡ್ಡ ಅನ್ಯಾಯ, ನಿಮ್ಮ ಮನೆಯವರ ಕಾಲು ನೋಯಿಸಿದೆ. ಒಂದನ್ನೂ ಬಿಡದೆ ಹೇಳಿದೆ. ನಮ್ಮಾಕೆ ಅಷ್ಟರಲ್ಲೇ ಒಳಗೆ ಹೋಗಿ ಆ ಹೆಂಗಸಿನ ಪಕ್ಕ ಕುಳಿತು, ಅವಳ ಮೊಣಕಾಲು ಮುಟ್ಟಿ ನೋಡುತ್ತಿದ್ದಳು. ಒಬ್ಬರ ಮಾತು ಒಬ್ಬರಿಗೆ ಬರುವುದಿಲ್ಲ, ಆದರೂ ಮಾತು ಆಗಲೇ ಶುರುವಾಗಿತ್ತು.

ಮಾಸ್ತರು ನಾನು ಮುಗಿಸುವವರೆಗೂ ಕೇಳಿದರು. ಆಮೇಲೆ ಅಂದರು:

"ನೀನು ಅವತ್ತು ಈ ಮನೆಗೆ ಬಂದಿದ್ದೆ. ಗೋಡೆ ನೋಡಿದಿ, ಮಾಳಿಗೆ ನೋಡಿದಿ, ಬಟ್ಟಲು ಮುಟ್ಟಿ ನೋಡಿದಿ. ಒಂದು ಗಳಿಗೆಯೂ ಕೂರಲಿಲ್ಲ. ಈಗ ಕೂತ್ಕೋ."

ಕುಂತೆ. ಅವರು ಚಹಾ ತರಲು ಒಳಗೆ ಹೋದರು. ಎಷ್ಟು ತಡೆದರೂ ನನ್ನ ಕಣ್ಣು ತಾನಾಗಿಯೇ ಮೇಲೆ ಹೋಗಿ, ಅವರ ಮಾಳಿಗೆಯ ಡಿಟೆಕ್ಟರಿಗೆ ಧೂಳು ಹಿಡಿದದ್ದನ್ನು ನೋಡಿಬಿಟ್ಟಿತು. ಎದ್ದು ನಿಲ್ಲಬೇಕು ಅನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ನಮ್ಮಾಕೆ ಮೊಣಕೈಯಿಂದ ತಿವಿದಳು.

"ಕುಂತ್ಕೋರಿ ಸುಮ್ಮನ" ಎಂದಳು.